ಗಾಯಕರ ಪೂರ್ವೋತ್ತರ ಕೃತಿಗಳ ತಾರತಮ್ಯವಿಚಾರ

ಹಂಪೆಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ಕೂಡ್ಲಿಗಿ ಕೊಟ್ಟೂರುಗಳ ಸೀಮೆಯಲ್ಲಿ ಹಳೆಯದು. ಮರುಳಸಿದ್ಧೇಶ್ವರನ ಗುಡಿಯನ್ನು ಬೀದಿಯಲ್ಲಿಯೇ ನಿಂತು ಕಂಡು ಹಿಂದಿರುಗಿದವನು ಒಳಗಣ ಕಂಬಗಳನ್ನೂ ಮೇಲ್ಛಾವಣಿಯ ಕೆತ್ತನೆಯನ್ನೂ ಕಾಣದೆ ಹೋಗುತ್ತಾನೆ. ಈ ಗಾದೆಯಲ್ಲಿ ಒಂದು ವಿವೇಕವುಂಟು. ಎರಡರಲ್ಲಿ ಯಾವುದು ಮೇಲೆಂದು ಅದು ಹೇಳುವುದಿಲ್ಲ. ಯಾವುದನ್ನು ಎಲ್ಲಿ ನಿಂತು ನೋಡಬೇಕೆಂಬುದನ್ನಷ್ಟೇ ಹೇಳುತ್ತದೆ. ಕಟ್ಟಡಗಳ ವಿಷಯದಲ್ಲಿ ಹಳ್ಳಿಯ ಜನರು ಒಪ್ಪಿಕೊಂಡಿರುವ ಈ ನ್ಯಾಯವನ್ನು ಸಂಗೀತದ ರಸಿಕರು ಗಾಯಕರಿಗೆ ಸಲ್ಲಿಸುತ್ತಿರುವರೇ ಎಂಬ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದು. ಒಬ್ಬ ಗಾಯಕನ ಐವತ್ತು ವರ್ಷಗಳ ದುಡಿಮೆಯನ್ನು ಒಂದೇ ಅಳತೆಗೋಲಿನಿಂದ ಅಳೆದು, ಇಂತಿಷ್ಟು ಕಾಲ ಏರಿದನು, ಆ ಮೇಲೆ ಇಳಿದನು ಎಂದು ತೀರ್ಪು ಕೊಡುವುದು ನ್ಯಾಯವೇ?

ಧ್ವನಿಯನ್ನು ಹಿಡಿದಿಡುವ ಯಂತ್ರವು ಬರುವುದಕ್ಕೆ ಮೊದಲು ಈ ಪ್ರಶ್ನೆಯು ಇಷ್ಟು ಬಿಗಿಯಾಗಿರಲಿಲ್ಲ. ಹಾಡುಗಾರನ ಯೌವನದ ಕಂಠವು ಕೇಳಿದವರ ನೆನಪಿನಲ್ಲಿ ಮಾತ್ರ ಉಳಿಯುತ್ತಿತ್ತು; ನೆನಪಾದರೋ ಕೇಳಿದವನೊಡನೆಯೇ ಮುದುಪಾಗುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನಳ ಹಾಡಿಕೆಯನ್ನು ತಟ್ಟೆಗೆ ಇಳಿಸಿದ ಮೇಲೆ ಸ್ಥಿತಿಯು ಬೇರೆಯಾಯಿತು. ಇಂದು ಕೊಟ್ಟೂರಿನಲ್ಲಿ ಕುಳಿತ ಒಬ್ಬ ಹುಡುಗನು ಒಂದೇ ಗಾಯಕಿಯ ಇಪ್ಪತ್ತರ ವಯಸ್ಸಿನ ದನಿಯನ್ನೂ ಎಪ್ಪತ್ತರ ವಯಸ್ಸಿನ ದನಿಯನ್ನೂ ಅರ್ಧ ಗಂಟೆಯೊಳಗೆ ಒಂದರ ಬೆನ್ನಿಗೊಂದರಂತೆ ಕೇಳಬಲ್ಲನು. ಗಾಯಕಿಯು ಅರ್ಧ ಶತಮಾನದಲ್ಲಿ ನಡೆದ ಹಾದಿಯನ್ನು ಅವನು ಅರ್ಧ ಗಂಟೆಯಲ್ಲಿ ಓಡಿ, ನಡುವೆ ಬಂದ ತಿರುವುಗಳನ್ನೆಲ್ಲ ಎಡವಟ್ಟೆಂದು ಭಾವಿಸುವುದು ಸುಲಭ.

ಈ ಬಗೆಯ ತೀರ್ಪು ಪಶ್ಚಿಮದ ಒಂದು ಸಂಗೀತಪ್ರಕಾರದಲ್ಲಿ ಶಾಸ್ತ್ರವೇ ಆಗಿಹೋಗಿದೆ. ಇಂಗ್ಲೆಂಡಿನಲ್ಲಿ 1960ರ ದಶಕದ ಕೊನೆಗೆ ಹುಟ್ಟಿದ ಪ್ರೋಗ್ರೆಸಿವ್ ರಾಕ್ ಎಂಬ ಮಾರ್ಗದ ತಂಡಗಳು ಮೂರು ನಿಮಿಷದ ಪ್ರೇಮಗೀತವನ್ನು ಬಿಟ್ಟು ದೀರ್ಘವಾದ, ಹಲವು ಅಂಗಗಳುಳ್ಳ ರಚನೆಗಳಿಗೆ ಕೈಹಾಕಿದವು. 1972ರಲ್ಲಿ ಯೆಸ್ ಎಂಬ ತಂಡವು ಹದಿನೆಂಟು ನಿಮಿಷಗಳ, ಜೆನೆಸಿಸ್ ಎಂಬ ತಂಡವು ಇಪ್ಪತ್ತಮೂರು ನಿಮಿಷಗಳ ಕೃತಿಗಳನ್ನು ಹೊರತಂದವು. ಹತ್ತು ಹದಿನೈದು ವರ್ಷಗಳು ಕಳೆಯುವಷ್ಟರಲ್ಲಿ ಎರಡೂ ಚಿಕ್ಕ ಹಾಡುಗಳಿಗೆ ಮರಳಿದವು. 1984ರ ಆರಂಭದಲ್ಲಿ ಯೆಸ್ ತಂಡದ ಒಂದು ಹಾಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕಿಂಗ್ ಕ್ರಿಮ್ಸನ್ ತಂಡದ ರಾಬರ್ಟ್ ಫ್ರಿಪ್ಪನಾದರೋ 1974ರಲ್ಲಿ ತಂಡವು ಪ್ರೌಢಿಮೆಯಲ್ಲಿದ್ದಾಗಲೇ ಅದನ್ನು ವಿಸರ್ಜಿಸಿ, 1981ರಲ್ಲಿ ಅದೇ ಹೆಸರಿನಿಂದ ಪೂರಾ ಬೇರೆಯ ಸಂಗೀತವನ್ನು ಆರಂಭಿಸಿದನು. ಈ ತಂಡಗಳ ಅಭಿಮಾನಿಗಳು ಆಲ್ಬಮ್ಮುಗಳನ್ನು ವರ್ಷಕ್ರಮದಲ್ಲಿ ಜೋಡಿಸಿ, ಒಂದೊಂದಕ್ಕೂ ಅಂಕಗಳನ್ನಿತ್ತು, ಇಲ್ಲಿಗೆ ಸುವರ್ಣಯುಗವು ಮುಗಿಯಿತೆಂದು ಗೆರೆ ಎಳೆಯುತ್ತಾರೆ. ಗೆರೆಯ ಆಚೆಗಿರುವುದು ಅವರ ಪಾಲಿಗೆ ಪತನ. ಪತನದ ಕಾರಣ ಹಣದಾಸೆ.

ಇಲ್ಲಿ ಎರಡು ತೀರ್ಪುಗಳು ಒಂದರೊಳಗೊಂದು ಸೇರಿಕೊಂಡಿವೆ. ಕೃತಿಯು ಸಪ್ಪೆಯಾಯಿತೆಂಬುದು ಒಂದು. ಕರ್ತೃವು ಕೆಟ್ಟನೆಂಬುದು ಇನ್ನೊಂದು. ಮೊದಲನೆಯದನ್ನು ಹೇಳಲು ಕಿವಿಯಿದ್ದರೆ ಸಾಕು. ಎರಡನೆಯದನ್ನು ಹೇಳಲು ಬದಲಾವಣೆಯು ಎಲ್ಲಿಂದ ಬಂದಿತೆಂಬುದು ತಿಳಿದಿರಬೇಕು. ಸ್ತುತಿನಿಂದೆಗಳು ಇಚ್ಛಾಪೂರ್ವಕವಾದ ಕರ್ಮಕ್ಕೆ ಮಾತ್ರ ಸಲ್ಲತಕ್ಕವೆಂದು ಗ್ರೀಸಿನ ಅರಿಸ್ಟಾಟಲನು ಬಗೆದನು. ಗಾಯಕನ ಬಾಳಿನಲ್ಲಿ ಇಚ್ಛೆಯ ಭಾಗವೆಷ್ಟು, ದೇಹದ ಭಾಗವೆಷ್ಟು, ಕಾಲದ ಭಾಗವೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಅಷ್ಟು ಸುಲಭವಲ್ಲ. ಕನ್ನಡನಾಡಿನ ಗಾಯಕರ ಮುದ್ರಿಕೆಗಳೇ ಇದಕ್ಕೆ ಸಾಕ್ಷಿ.

ಗಂಗೂಬಾಯಿ ಹಾನಗಲ್ಲರನ್ನು ಮೊದಲು ತೆಗೆದುಕೊಳ್ಳಬಹುದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಇವರು 1930ರ ದಶಕದ ಮೊದಲಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಎಚ್.ಎಂ.ವಿ. ಕಂಪನಿಗೆ ಹಾಡಿದರು. ಆ ತಟ್ಟೆಗಳಲ್ಲಿರುವುದು ಎತ್ತರದ, ತೆಳುವಾದ, ಹುಡುಗಿಯ ಕಂಠ. 1940ರ ದಶಕದಲ್ಲಿ ಗಂಟಲಿನ ಕಾಯಿಲೆಯೂ ಅದರ ಚಿಕಿತ್ಸೆಯೂ ಆದ ಮೇಲೆ ಕಂಠವು ಕೆಳಗಿಳಿಯಿತು. ಮುಂದೆ ಲೋಕವು ಅರಿತ ಗಂಗೂಬಾಯಿಯವರ ದನಿಯು ಗಂಡುದನಿಯೆಂಬಷ್ಟು ಗಂಭೀರವಾದುದು. ಅವರ ಕಿರಾನಾ ಘರಾಣೆಯ ಆದರ್ಶವೋ, ಅಬ್ದುಲ್ ಕರೀಂ ಖಾನರ ಎಳೆಯಾದ ಮಧುರ ನಾದ. ಅದನ್ನೇ ಅಳತೆಗೋಲಾಗಿ ಹಿಡಿದವನಿಗೆ ಗಂಗೂಬಾಯಿಯವರ ಕಥೆಯು ಮಾಧುರ್ಯವನ್ನು ಕಳೆದುಕೊಂಡ ಕಥೆಯಾಗಿ ಕಾಣಬೇಕು. ಹಾಗೆ ಕಾಣುವುದಿಲ್ಲವೇಕೆ? ಕಂಠವು ಒಡೆದುದು ಅವರ ಇಚ್ಛೆಯಿಂದಲ್ಲ, ದಿಟ. ಆದರೆ ಒಡೆದ ಕಂಠದಲ್ಲಿ ಏನನ್ನು ಹಾಡಬಹುದೆಂಬ ಶೋಧನೆಯು ಅವರದೇ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತ ನಿಧಾನವಾದ ಸ್ವರವಿಸ್ತಾರವು ಆ ಭಾರವಾದ ದನಿಯಲ್ಲಿ ತನ್ನ ಮನೆಯನ್ನು ಕಂಡುಕೊಂಡಿತು. ಮೊದಲಿನ ತಟ್ಟೆಗಳು ಇಂಪಾಗಿವೆ; ಆದರೆ ಅಂಥ ಇಂಪು ಆ ಕಾಲದ ಬೇರೆ ಗಾಯಕಿಯರಲ್ಲಿಯೂ ಇದ್ದಿತು. ಅವರ ನಂತರದ ದನಿಯು ಮತ್ತೊಬ್ಬರಲ್ಲಿ ದೊರೆಯದು.

ಕುಮಾರ ಗಂಧರ್ವರ ಸಂಗತಿಯು ಇದಕ್ಕಿಂತ ತೀಕ್ಷ್ಣವಾದುದು. 1924ರಲ್ಲಿ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರನು ಎಳವೆಯಲ್ಲಿಯೇ ಪ್ರಸಿದ್ಧನಾದುದು ದೊಡ್ಡ ಗಾಯಕರ ತಟ್ಟೆಗಳನ್ನು ಕೇಳಿ ಅವನ್ನು ಇದ್ದಂತೆಯೇ ಹಾಡಿ ತೋರಿಸುವ ಅದ್ಭುತಶಕ್ತಿಯಿಂದ. ಜನರು ಬೆರಗಾದರು, ಬಿರುದು ಕೊಟ್ಟರು. ಹತ್ತು ಹನ್ನೆರಡರ ಬಾಲಕನು ಹೀಗೆ ಪರರ ದನಿಯಲ್ಲಿ ಪರಿಪೂರ್ಣನಾಗಿದ್ದನೆಂದೇ ಹೇಳಬೇಕು. ಆ ಮೇಲೆ ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಿಕ್ಷಣ, 1947ರ ಸುಮಾರಿಗೆ ಕ್ಷಯರೋಗ, ಮಾಳವದ ದೇವಾಸಿನಲ್ಲಿ ವರ್ಷಗಟ್ಟಲೆ ಹಾಸಿಗೆ. ಹಾಡಬಾರದೆಂದು ವೈದ್ಯರ ಅಪ್ಪಣೆ. ಕಿಟಕಿಯಾಚೆಯಿಂದ ಮಾಳವದ ಹಳ್ಳಿಯವರ ಪದಗಳು ಕೇಳಿಬರುತ್ತಿದ್ದವು. 1950ರ ದಶಕದಲ್ಲಿ ಮರಳಿ ವೇದಿಕೆಗೆ ಬಂದಾಗ ಉಸಿರು ಮೊದಲಿನಷ್ಟು ಉದ್ದವಿರಲಿಲ್ಲ. ತುಂಡುತುಂಡಾದ, ಥಟ್ಟನೆ ಎದ್ದು ಥಟ್ಟನೆ ನಿಲ್ಲುವ ಹೊಸ ಬಗೆಯ ಗಾನವು ಅವರಿಂದ ಹೊರಟಿತು. ಜನಪದದ ಧಾಟಿಗಳಿಂದ ಹೊಸ ರಾಗಗಳು ಹುಟ್ಟಿದವು. ಘರಾಣೆಯ ಕಟ್ಟನ್ನು ಮುರಿದರೆಂದು ಸಂಪ್ರದಾಯಸ್ಥರು ಮುನಿದರು. ರೋಗವು ಉಸಿರನ್ನು ಮೊಟಕುಮಾಡಿತೆಂಬುದು ನಿಜ, ಆದರೆ ಮೊಟಕಾದ ಉಸಿರಿಗೆ ಒಪ್ಪುವ ಸೌಂದರ್ಯವನ್ನು ರೋಗವು ಕಲಿಸಿಕೊಡಲಾರದು. ಇಲ್ಲಿ ದೇಹದ ಭಾಗವನ್ನೂ ಇಚ್ಛೆಯ ಭಾಗವನ್ನೂ ಕೂದಲೆಳೆಯಷ್ಟೂ ಬೇರ್ಪಡಿಸುವುದು ಅಶಕ್ಯ. ಬಾಲ್ಯದ ಬೆರಗನ್ನು ಬಯಸಿದ ಸಭಿಕರ ಮಾತೇ ನಡೆದಿದ್ದರೆ ನಾಡಿಗೆ ಉಳಿಯುತ್ತಿದ್ದುದು ಒಬ್ಬ ಅನುಕರಣಪಂಡಿತ.

ಕಾಲದ ಮತ್ತು ಉಪಕರಣದ ಭಾಗವೂ ಅಲಕ್ಷ್ಯಮಾಡತಕ್ಕುದಲ್ಲ. ಹಳೆಯ ತಟ್ಟೆಯ ಒಂದು ಮುಖದಲ್ಲಿ ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು ಕಾಲ ಮಾತ್ರ ಹಾಡಬಹುದಾಗಿತ್ತು. ಗಂಟೆಗಟ್ಟಲೆ ಬೆಳೆಯಬೇಕಾದ ಖ್ಯಾಲನ್ನು ಮೂರು ನಿಮಿಷಕ್ಕೆ ಕುಗ್ಗಿಸಬೇಕಾದರೆ ವಿಲಂಬಿತವನ್ನು ಬಿಟ್ಟು ತಾನುಗಳ ಸಿಡಿಮದ್ದನ್ನು ಹಾರಿಸುವುದೊಂದೇ ದಾರಿ. ಮಲ್ಲಿಕಾರ್ಜುನ ಮನ್ಸೂರರು ಬಾಲ್ಯದಲ್ಲಿ ನಾಟಕದ ಮಂಡಳಿಯಲ್ಲಿದ್ದು, ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತು, 1930ರ ದಶಕದಲ್ಲಿ ಹಾಡಿದ ತಟ್ಟೆಗಳು ಈ ಬಗೆಯವು. ಅವು ಚುರುಕಾಗಿವೆ, ಜನರನ್ನು ಮೆಚ್ಚಿಸಿದವು. ಆ ಬಳಿಕ ಅವರು ಜಯಪುರ ಘರಾಣೆಯ ಮಂಜಿ ಖಾನರ ಶಿಷ್ಯರಾದರು. 1937ರಲ್ಲಿ ಗುರುವು ತೀರಿಕೊಳ್ಳಲು ಅವರ ತಮ್ಮ ಭುರ್ಜಿ ಖಾನರನ್ನು ಆಶ್ರಯಿಸಿದರು. ಹೆಸರು ಗಳಿಸಿದ ಗಾಯಕನೊಬ್ಬನು ಮತ್ತೆ ವಿದ್ಯಾರ್ಥಿಯಾಗಿ ಕುಳಿತುದೇ ಒಂದು ದೊಡ್ಡ ಸಂಗತಿ. ಶಿವಮತ ಭೈರವ, ಸಂಪೂರ್ಣ ಮಾಲಕಂಸಗಳಂಥ ಅಪೂರ್ವ ರಾಗಗಳನ್ನು ಬಿಡಿಸಿಟ್ಟ ಮಹಾಗಾಯಕನೆಂದು ದೇಶವು ಅವರನ್ನು ಕಂಡುಕೊಂಡುದು ಅವರಿಗೆ ಐವತ್ತು ದಾಟಿದ ಮೇಲೆ. ಆಲ್ಬಮ್ಮುಗಳಿಗೆ ಅಂಕಕೊಡುವವನು 1940ರಲ್ಲಿ ಅವರ ಕಡತವನ್ನು ಮುಚ್ಚಿದ್ದರೆ ಒಳ್ಳೆಯ ಮಧ್ಯಮವರ್ಗದ ಗಾಯಕನೆಂದು ಬರೆದಿಡುತ್ತಿದ್ದನು.

ಪಟ್ಟಿಗೆ ಸಿಗದೆ ಹೋಗುವುದೂ ಬಹಳ. ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವವು 1936ರಲ್ಲಿ ಹಂಪೆಯಲ್ಲಿ ನಡೆದಾಗ ತರುಣ ಬಸವರಾಜ ರಾಜಗುರುಗಳು ಹಾಡಿದರು. ಗುರುಗಳಾದ ಪಂಚಾಕ್ಷರಿ ಗವಾಯಿಗಳೇ ತಬಲಕ್ಕೆ ಕುಳಿತಿದ್ದರು. ಬಳ್ಳಾರಿ ಸೀಮೆಯ ಹಿರಿಯರ ಪಾಲಿಗೆ ರಾಜಗುರುಗಳೆಂದರೆ ಅಂಥ ಸಂಜೆಗಳು. ತಟ್ಟೆಗಳನ್ನು ಮಾತ್ರ ಲೆಕ್ಕಹಿಡಿದವನಿಗೆ ಅವು ದಕ್ಕವು.

ಬದಲಾಗದೆ ಉಳಿದವರ ಮೇಲೂ ದೂರುಂಟು. ಭೀಮಸೇನ ಜೋಶಿಯವರು ತಾವು ಮೆಚ್ಚಿದ ಕೆಲವೇ ರಾಗಗಳನ್ನು ದಶಕಗಟ್ಟಲೆ ಹಾಡುತ್ತ ಬಂದರೆಂಬ ಆಕ್ಷೇಪವನ್ನು ವಿಮರ್ಶಕರು ಪದೇಪದೇ ಎತ್ತಿದ್ದಾರೆ. ಬದಲಾದವನನ್ನು ದ್ರೋಹಿಯೆಂದೂ ಬದಲಾಗದವನನ್ನು ಸೋಮಾರಿಯೆಂದೂ ಒಂದೇ ಬಾಯಿಂದ ಅನ್ನುವ ರಸಿಕನು ಗಾಯಕನಿಗೆ ಯಾವ ದಾರಿಯನ್ನು ಬಿಟ್ಟಿದ್ದಾನೆ? ಉಜ್ಜಿನಿಯಲ್ಲಿ ವರ್ಷಕ್ಕೊಮ್ಮೆ ಗುಡಿಯ ಶಿಖರಕ್ಕೆ ಎಣ್ಣೆಯ ಅಭಿಷೇಕವಾಗುತ್ತದೆ. ಶಿಖರವು ಅದೇ, ಕಲ್ಲು ಅದೇ. ಕಳೆದ ವರ್ಷವೇ ಎರೆದುದಾಯಿತಲ್ಲ ಎಂದು ಯಾರೂ ಎದ್ದುಹೋಗುವುದಿಲ್ಲ. ಆದರೂ ಜೋಶಿಯವರ ಪುನರುಕ್ತಿಯೆಲ್ಲವೂ ಅಭಿಷೇಕವೇ ಎಂದು ಹೇಳಿದರೆ ಅತಿಯಾದೀತು. ಕೆಲವು ಕಚೇರಿಗಳಲ್ಲಿ ಪುರಿಯಾ ಧನಾಶ್ರೀಯು ಆಗತಾನೆ ಹುಟ್ಟಿದಂತೆ ಕೇಳುತ್ತದೆ, ಕೆಲವದರಲ್ಲಿ ರೂಢಿಯ ಬಲದಿಂದ ಸಾಗುತ್ತದೆ. ಎರಡನ್ನೂ ಹೇಳುವ ಧೈರ್ಯವು ವಿಮರ್ಶಕನಿಗಿರಬೇಕು.

ತಂಡಗಳ ವಿಷಯದಲ್ಲಿ ಇನ್ನೊಂದು ತೊಡಕುಂಟು: ಹೆಸರು ಉಳಿದು ಜನರು ಬದಲಾಗುತ್ತಾರೆ. ಯೆಸ್ ತಂಡದ ಸ್ಥಾಪಕರಲ್ಲಿ ಕೊನೆಯವರೆಗೂ ಬಿಡದೆ ಉಳಿದಿದ್ದ ಕ್ರಿಸ್ ಸ್ಕ್ವೈರನು 2015ರಲ್ಲಿ ತೀರಿಕೊಂಡ ಮೇಲೆಯೂ ತಂಡವು ಅದೇ ಹೆಸರಿನಿಂದ ನಡೆಯಿತು. ಕನ್ನಡಿಗರಿಗೆ ಇದು ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿಯ ನಾಟಕ ಕಂಪನಿಯನ್ನು ತಲೆಮಾರುಗಳು ಬದಲಾದರೂ ಜನರು ಗುಬ್ಬಿ ಕಂಪನಿಯೆಂದೇ ಕರೆದರು. ಪಂಚಪೀಠಗಳಲ್ಲೊಂದಾದ ಉಜ್ಜಿನಿಯ ಪೀಠದಲ್ಲಿ ಆಚಾರ್ಯರು ಒಬ್ಬರಾದ ಮೇಲೊಬ್ಬರು ಬಂದರೂ ಪೀಠವು ಒಂದೇ. ಘರಾಣೆಯೆಂಬುದೂ ಇಂಥದೇ ಹೆಸರು. ಆದರೆ ಪೀಠವನ್ನು ಪೂಜಿಸುವಾಗ ಒಂದಾಗಿ ಎಣಿಸಿದ್ದನ್ನು ತಪ್ಪುಹೊರಿಸುವಾಗಲೂ ಒಂದಾಗಿ ಎಣಿಸುವುದು ಸಲ್ಲದು. 1975ರಲ್ಲಿ ಪೀಟರ್ ಗೇಬ್ರಿಯಲ್ಲನು ಜೆನೆಸಿಸ್ಸನ್ನು ಬಿಟ್ಟನು. ಮೃದಂಗದವನ ಸ್ಥಾನದಲ್ಲಿದ್ದ ಫಿಲ್ ಕಾಲಿನ್ಸನು ಹಾಡತೊಡಗಿದನು. ಗೇಬ್ರಿಯಲ್ಲನಂತೆ ಹಾಡಲಿಲ್ಲವೆಂದು ಕಾಲಿನ್ಸನನ್ನು ದೂರುವವರು, ಹಾಗೆ ಹಾಡಿದ್ದರೆ ಅಣಕವೆಂದು ದೂರುತ್ತಿರಲಿಲ್ಲವೇ?

ಹಾಗಾದರೆ ಕೆಟ್ಟ ಕೃತಿಯೆಂಬುದೇ ಇಲ್ಲವೇ, ಬದಲಾದುದೆಲ್ಲವೂ ಬೆಳವಣಿಗೆಯೇ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. 1980ರ ದಶಕದ ಆ ಚಿಕ್ಕ ಹಾಡುಗಳಲ್ಲಿ ಹಲವು ತೆಳುವಾದವು, ಮೊದಲಿನ ದೀರ್ಘರಚನೆಗಳ ಕಲ್ಪನೆಗೆ ಸಮನಾಗಲಾರವು; ಇದನ್ನು ಮುಚ್ಚಿಡುವುದು ಸೌಜನ್ಯದ ಸೋಗಿನ ಸುಳ್ಳು. ಆದರೆ ತೆಳುವಾದುದರಿಂದ ತಮ್ಮನ್ನು ಮಾರಿಕೊಂಡರೆಂಬ ಮಾತಿಗೆ ಹಾರುವುದು ಕೀಲಿಕೈಯಿಲ್ಲದೆ ಪರರ ಮನೆಯನ್ನು ಹೊಕ್ಕಂತೆ. ಹಣಕ್ಕಾಗಿ ಹಾಡುವುದು ಅಪರಾಧವಾದರೆ ನಾಟಕದ ಕಂಪನಿಗಳಲ್ಲಿ ಸಂಬಳಕ್ಕೆ ಹಾಡಿದವರೆಲ್ಲ ಅಪರಾಧಿಗಳು, ಮನ್ಸೂರರ ತಟ್ಟೆಗಳೂ ಅಪರಾಧವೇ. ತನ್ನಲ್ಲಿ ಹೆಚ್ಚಿನದಿದೆಯೆಂದು ತಿಳಿದೂ ಕಡಮೆಯನ್ನು ಕೊಡುವುದು ದೋಷ, ಸಂಶಯವಿಲ್ಲ. ಅದನ್ನು ಬಲ್ಲವನು ಮಾತ್ರ ಹಾಡಿದವನೊಬ್ಬನೇ. ರಸಿಕನ ಬಳಿ ಇರುವುದು ತಟ್ಟೆ. ತಟ್ಟೆಯಲ್ಲಿ ನಾದವಿದೆ, ಸಂಕಲ್ಪವು ಮುದ್ರಿತವಾಗಿಲ್ಲ.

ತೀರ್ಪು ಕೊಡುವವನು ತನ್ನ ಕಡೆಗೂ ಒಮ್ಮೆ ತಿರುಗಿ ನೋಡಬೇಕಾಗಿದೆ. ಸಾಮಾನ್ಯವಾಗಿ ಪ್ರತಿಯೊಬ್ಬನಿಗೂ ಗಾಯಕನ ಶ್ರೇಷ್ಠ ಕೃತಿಯೆಂದು ತೋರುವುದು ತಾನು ಇಪ್ಪತ್ತರ ವಯಸ್ಸಿನಲ್ಲಿ ಕೇಳಿದುದು. ಆ ಹಾಡಿನೊಡನೆ ಅವನ ಆ ಕಾಲದ ಗೆಳೆಯರು, ನಿದ್ದೆಗೆಟ್ಟ ರಾತ್ರಿಗಳು, ಎಲ್ಲವೂ ಅಂಟಿಕೊಂಡು ಬರುತ್ತವೆ. ಆಮೇಲಿನ ಕೃತಿಯಲ್ಲಿ ಅವು ದೊರೆಯದಿರಲು ಗಾಯಕನು ಇಳಿದನೆಂದು ಅವನು ಭಾವಿಸುತ್ತಾನೆ. ಕಳೆದುಹೋದ ತಾರುಣ್ಯದ ಸಾಲವನ್ನು ಅದನ್ನು ಪಡೆಯದವನಿಂದ ವಸೂಲುಮಾಡುವ ಕ್ರಮವಿದು. ಇದರಿಂದ ನಿಜವಾದ ಕೇಡೂ ಆಗುತ್ತದೆ: ಸಭೆಯು ಹಳೆಯ ಹಾಡನ್ನೇ ಕೂಗಿ ಕೇಳುವಾಗ ಹೊಸದನ್ನು ತಂದ ಗಾಯಕನು ಅದನ್ನು ಮಡಿಚಿಟ್ಟುಕೊಂಡು ಊರಿಗೆ ಹೋಗುತ್ತಾನೆ.

ಕೇಳುವ ಕ್ರಮವನ್ನೇ ತಿರುಗಿಸಿ ನೋಡಿದರೆ ಇದು ಕೊಂಚ ಸಡಿಲಾಗುವುದುಂಟು. ಗಂಗೂಬಾಯಿಯವರನ್ನು ಮೊದಲ ತಟ್ಟೆಯಿಂದ ಆರಂಭಿಸದೆ, ಇಳಿವಯಸ್ಸಿನ ಒಂದು ದೀರ್ಘ ಮುದ್ರಿಕೆಯಿಂದ ಆರಂಭಿಸಿ, ಹಿಂದುಹಿಂದಕ್ಕೆ ಬರಬೇಕು. ಆ ಘನವಾದ ದನಿಗೆ ಕಿವಿಯು ಒಗ್ಗಿದ ಮೇಲೆ ಗಾಂಧಾರಿಯ ಮೂರು ನಿಮಿಷದ ತಟ್ಟೆಯನ್ನು ಹಚ್ಚಿದರೆ, ಆ ಎಳೆಯ ಕಂಠವು ಕಳೆದುಹೋದ ನಿಧಿಯಂತೆ ತೋರುವುದಿಲ್ಲ. ಇನ್ನೂ ತನ್ನ ದನಿಯನ್ನು ಕಾಣದ ಹುಡುಗಿಯೊಬ್ಬಳು ಚೆನ್ನಾಗಿ, ತುಸು ಅವಸರದಿಂದ, ತಟ್ಟೆ ಮುಗಿಯುವುದರೊಳಗೆ ಹಾಡಿ ಮುಗಿಸುತ್ತಿರುವಂತೆ ಕೇಳುತ್ತದೆ.