ಸೊಟ್ಟ ಕೋಣೆಗೆ ಫರಶಿ

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೆಯ ಮನೆಗಳಲ್ಲಿ ನಾಲ್ಕು ಮೂಲೆಯೂ ಸರಿಯಾಗಿರುವ ಕೋಣೆ ಸಿಗುವುದು ಅಪರೂಪ. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಓಣಿಯ ತಿರುವಿನೊಂದಿಗೆ ತಿರುಗಿರುತ್ತವೆ. ಸಾಲದ್ದಕ್ಕೆ, ಅಣ್ಣತಮ್ಮಂದಿರು ಬೇರೆಯಾದಾಗ ಪಡಸಾಲೆಯ ನಡುವೆ ಎದ್ದ ಗೋಡೆ. ಒಂದು ತುದಿಯಲ್ಲಿ 12 ಅಡಿ ಇದ್ದ ಕೋಣೆ ಇನ್ನೊಂದು ತುದಿಯಲ್ಲಿ 11 ಅಡಿಗೆ ಇಳಿದಿರುತ್ತದೆ. ಸಗಣಿ ಸಾರಿಸಿದ ನೆಲ ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ತಾಳಿಕೋಟೆಯ ಇಲ್ಲವೇ ಶಹಾಬಾದಿನ ಫರಶಿ ಹಾಸಲು ಹೊರಟಾಗ ಗುಟ್ಟು ಹೊರಬೀಳುತ್ತದೆ. ದೊಡ್ಡ ನಗರಗಳಲ್ಲಿ ಮರದ ಹಲಗೆ ಹಾಸಿಸುವವರಿಗೂ ಇದೇ ಫಜೀತಿ.

ಒಂದಡಿ ಚೌಕದ ಕಲ್ಲನ್ನು ಒಂದು ಗೋಡೆಗುಂಟ ಹಾಸುತ್ತ ಹೋದರೆ ಎದುರು ಗೋಡೆಯ ಕೊನೆಯ ಸಾಲು ಬೆಣೆಯಂತಾಗುತ್ತದೆ. ಒಂದು ಕಡೆ ಪೂರ್ತಿ ಕಲ್ಲು, ಇನ್ನೊಂದು ಕಡೆ ಬೆರಳಗಲದ ಚೂರು. ಅನುಭವಿ ಗವಂಡಿ ಗೋಡೆಯನ್ನು ನಂಬುವುದಿಲ್ಲ. ಕೋಣೆಯ ನಡುವೆ ದಾರ ಎಳೆದು, 3, 4, 5 ಅಡಿಗಳ ಲೆಕ್ಕದಲ್ಲಿ ಅಡ್ಡದಾರ ಕಟ್ಟಿ, ಅಲ್ಲಿಂದ ಹಾಸುತ್ತಾನೆ. ಆಗ ಒಂದಡಿಯ ಸೊಟ್ಟು ಎರಡೂ ಬದಿಗೆ ಅರ್ಧರ್ಧ ಹಂಚಿಹೋಗುತ್ತದೆ, ಎಲ್ಲಿಯೂ ಅರ್ಧ ಅಡಿಗಿಂತ ಸಣ್ಣ ತುಂಡು ಬೀಳುವುದಿಲ್ಲ. ಕೊಯ್ತ ಮಾತ್ರ ಹೆಚ್ಚು. ಹೆಚ್ಚಿನ ಮನೆಯವರು ಕೇಳುವುದು ಬೇರೆ: ಬಾಗಿಲ ಮುಂದೆ ಇಡಿಗಲ್ಲು ಬರಲಿ, ಕೊಯ್ದದ್ದು ಟ್ರಂಕಿನ ಕೆಳಗೆ ಹೋಗಲಿ.

ಹೀಗೆ ಮುಚ್ಚುವುದು ಮೋಸವೇ? ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ತಳದಲ್ಲಿ ತೇವ ಸಿಕ್ಕಿದ್ದನ್ನೂ, ಜನರಿಗೆ ಕಾಣುವಂತೆ ಅದನ್ನೇಕೆ ಮೇಲಿಡಲಿಲ್ಲವೆಂದು ವ್ಯಾಪಾರಿಯನ್ನು ಕೇಳಿದ್ದನ್ನೂ ನಾವೆಲ್ಲ ಬಲ್ಲೆವು. ಆದರೆ ಅಲ್ಲಿ ಕೊಳ್ಳುವವನಿಗೆ ತಿಳಿದಿರಲಿಲ್ಲ. ತನ್ನ ಮನೆಯ ಸೊಟ್ಟು ತನಗೆ ಗೊತ್ತಿದ್ದು ಅದರ ಮೇಲೆ ಟ್ರಂಕು ಇಟ್ಟವನು ಯಾರನ್ನೂ ವಂಚಿಸಿಲ್ಲ. ಅದೇ ಮನೆಯನ್ನು ಮಾರುವ ದಿನ ಟ್ರಂಕನ್ನು ಸರಿಸಿ ತೋರಿಸಬೇಕೆಂಬುದು ನಮ್ಮ ಅಭಿಪ್ರಾಯ.

ಇನ್ನು ನಮಾಝಿನ ಸಾಲು. ವಿಜಯಪುರದಿಂದ ಕಾಬಾದ ದಿಕ್ಕು ನೇರ ಪಶ್ಚಿಮಕ್ಕಿಲ್ಲ, ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಹಳೆಯ ಕಟ್ಟಡದ ಗೋಡೆ ಅದಕ್ಕೆ ಹೊಂದದಿದ್ದರೆ ನೆಲದ ಮೇಲೆ ಓರೆಯಾಗಿ ಗೆರೆ ಎಳೆಯುತ್ತಾರೆ, ಮೂಲೆಗಳಲ್ಲಿ ಮುಕ್ಕೋನದ ಜಾಗ ಖಾಲಿ ಉಳಿಯುತ್ತದೆ. ಅದನ್ನು ಕಂಡು ಯಾರೂ ನಾಚಿಕೊಂಡಿಲ್ಲ. ವಿಜಯಪುರದ ಜಾಮಿಯಾ ಮಸೀದಿಯ ನೆಲದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಮುಸಲ್ಲಾದ ಆಕಾರಗಳಿವೆ. 1686ರಲ್ಲಿ ನಗರವನ್ನು ಗೆದ್ದ ಔರಂಗಜೇಬನ ಕಾಲದವೆನ್ನುತ್ತಾರೆ. ಅಲ್ಲಿ ಒಬ್ಬೊಬ್ಬನಿಗೆ ಒಂದೊಂದು ಅಳತೆಯ ಜಾಗ.

ಮನೆಯ ಪಾಲಿನಲ್ಲಿ ಆ ಅಳತೆ ಎಲ್ಲಿಗೆ ಹೋಯಿತು? ಇಬ್ಬರು ಗಂಡು, ಒಬ್ಬಳು ಹೆಣ್ಣು ಮಕ್ಕಳನ್ನು ಮಾತ್ರ ಬಿಟ್ಟು ತಂದೆ ತೀರಿಕೊಂಡರೆ ಆಸ್ತಿ ಐದು ಭಾಗವಾಗಬೇಕು: ಎರಡು, ಎರಡು, ಒಂದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಡುಗೋಡೆ ಎರಡೇ ಪಾಲಿನ ಲೆಕ್ಕದಲ್ಲಿ ಎದ್ದಿದೆ. ತಂಗಿ ಬಿಟ್ಟುಕೊಟ್ಟಳು ಎನ್ನುತ್ತಾರೆ. ಕೇಳಿದವರು ಯಾರು, ತವರಿನ ಬಾಗಿಲು ಮುಚ್ಚೀತೆಂಬ ಭಯವಿಲ್ಲದೆ ಅವಳು ಹೂಂ ಅಂದಳೇ ಎಂದು ವಿಚಾರಿಸುವವರು ಕಡಿಮೆ. ಗವಂಡಿಯ ದಾರ ಆ ಗೋಡೆ ಅರ್ಧ ಅಡಿ ಆಚೀಚೆ ಇದ್ದರೂ ತೋರಿಸಿಬಿಡುತ್ತದೆ. ಅಣ್ಣತಮ್ಮಂದಿರು ಆ ಅರ್ಧ ಅಡಿಗಾಗಿ ಜಗಳವಾಡಿದ್ದನ್ನು ನಾವು ಕಂಡಿದ್ದೇವೆ. ಐದನೆಯ ಭಾಗದ ಮಾತು ಆ ಜಗಳದಲ್ಲಿ ಒಮ್ಮೆಯೂ ಬರಲಿಲ್ಲ. ತಂಗಿ ಅಂದು ಒಳಗೆ ಕುಳಿತು ಅವರಿಬ್ಬರಿಗೂ ಚಹಾ ಕಾಸುತ್ತಿದ್ದಳು.