ಶತ್ರುವಿಲ್ಲದ ಕೋಟೆ

ಫ್ರಾನ್ಸಿನ ಬರ್ಗಂಡಿಯ ಗೆದಲೋನ್ ಕಾಡಿನಲ್ಲಿ 1997ರಿಂದ ಒಂದು ಕೋಟೆ ಏಳುತ್ತಿದೆ, 13ನೇ ಶತಮಾನದ ರೀತಿಯಲ್ಲೇ: ಅಲ್ಲೇ ಒಡೆದ ಕಲ್ಲು, ಸುಣ್ಣದ ಗಾರೆ, ಕೊಡಲಿಯಲ್ಲಿ ಕೆತ್ತಿದ ಓಕ್ ತೊಲೆ, ಭಾರ ಎತ್ತಲು ಆಳು ಒಳಗೆ ನಡೆದು ತಿರುಗಿಸುವ ಚಕ್ರ. ಕಾಯಲು ದೊರೆಯಿಲ್ಲ, ತಡೆಯಲು ಶತ್ರುವಿಲ್ಲ. ಬಳಕೆಯೇ ಇಲ್ಲದ ಕೆಲಸಕ್ಕೆ ಅರ್ಥವುಂಟೇ? ಉಂಟು. ಕೈಯ ಅರಿವು ಮಾಡುತ್ತಿದ್ದರಷ್ಟೇ ಉಳಿಯುತ್ತದೆ. 2019ರಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿ ಸುಟ್ಟ ಮೇಲೆ ಅದರ ಮರದ ಕಟ್ಟನ್ನು ಮತ್ತೆ ನಿಲ್ಲಿಸಿದವರಲ್ಲಿ ಗೆದಲೋನಿನಲ್ಲಿ ಪಳಗಿದ ಬಡಗಿಗಳೂ ಇದ್ದರು.

ಟಿಕೆಟ್ ಕೊಂಡು ನೋಡುವ ಜನ, ಹಳೆಗಾಲದ ವೇಷ ತೊಟ್ಟ ಕೆಲಸಗಾರರ ಸುರಕ್ಷಾ ಕನ್ನಡಕ: ಇದು ಬರೀ ನಾಟಕ ಎನ್ನಬಹುದು. ವೇಷ ನಾಟಕವೇ ಇರಲಿ (ಕಣ್ಣು ಕಳೆದುಕೊಳ್ಳುವುದು ಸಂಪ್ರದಾಯವೇನಲ್ಲ). ಆದರೆ ಕಮಾನಿಗೆ ನಟಿಸಲು ಬಾರದು. ಕಲ್ಲುಗಳು ತಪ್ಪಾಗಿ ಕೂತಿದ್ದರೆ, ಕೆಳಗಿನ ಮರದ ಆಸರೆ ತೆಗೆದಾಗ ಅದು ನೋಡುಗರೆದುರೇ ಕುಸಿಯುತ್ತದೆ.