ಏಳನೆಯ ದಿನ ಯಾರಿಗೆ?

ನಮ್ಮ ಚರ್ಚಿನ ಅಯ್ಯನವರು ಮೂರು ತಿಂಗಳ ರಜೆ ಕೇಳಿದಾಗ ಕಮಿಟಿಯಲ್ಲಿ ಮೊದಲು ಬೇಡವೆಂದವಳು ನಾನೇ. ಅದು ಕಾಯಿಲೆಯ ರಜೆಯಲ್ಲ, ಮಗಳ ಮದುವೆಯ ರಜೆಯೂ ಅಲ್ಲ. ಹದಿನಾಲ್ಕು ವರ್ಷ ಒಂದೇ ಸಮನೆ ಪ್ರಸಂಗ, ಮದುವೆ, ಸಾವು, ಆಸ್ಪತ್ರೆ, ಮನೆಮನೆಯ ಜಗಳ ಎಂದು ಓಡಾಡಿ ಒಳಗೆ ಬರಿದಾಗಿದೆ, ಸ್ವಲ್ಪ ಕಾಲ ಸುಮ್ಮನಿದ್ದು ಓದಿ, ಪ್ರಾರ್ಥಿಸಿ, ನಿದ್ದೆ ಮಾಡಿ ಬರುತ್ತೇನೆ ಎಂದಿದ್ದರು. ಇದಕ್ಕೆ ಸಬ್ಬಾಟಿಕಲ್ ಎಂಬ ಹೆಸರಿದೆಯಂತೆ.

“ನಮಗೆ ಯಾರು ಕೊಡುತ್ತಾರೆ ಇಂಥ ರಜೆ?” ಎಂದೆ. ಜೊತೆಗಿದ್ದ ಹೆಂಗಸರು ನಕ್ಕರು, ಗಂಡಸರೂ ನಕ್ಕರು. ಅಯ್ಯನವರು ಮಾತ್ರ ತಲೆ ತಗ್ಗಿಸಿ ಕೂತಿದ್ದರು. ತೀರ್ಮಾನ ಮುಂದಿನ ಸಭೆಗೆ ಹೋಯಿತು.

ಮನೆಗೆ ಬಂದು ಅನ್ನಕ್ಕೆ ಇಡುವಾಗ ನನ್ನ ಮಾತೇ ನನ್ನನ್ನು ಚುಚ್ಚತೊಡಗಿತು. ನಾನಾಡಿದ್ದು ನ್ಯಾಯದ ಮಾತೋ, ಹೊಟ್ಟೆಕಿಚ್ಚಿನ ಮಾತೋ? ನನಗಿಲ್ಲದ್ದು ಇನ್ನೊಬ್ಬರಿಗೂ ಬೇಡ ಎನ್ನುವುದು ಸಮಾನತೆಯಾದೀತೇ?

ಆ ರಾತ್ರಿ ಬೈಬಲ್ಲು ತೆಗೆದು ಕೂತೆ. ಹೀಬ್ರೂ ಭಾಷೆಯ ಸಬ್ಬತ್ ಎಂಬ ಪದಕ್ಕೆ ಮೂಲದಲ್ಲಿ ನಿಲ್ಲಿಸುವುದು ಎಂದರ್ಥ. ಆರು ದಿನ ದುಡಿದು ಏಳನೆಯ ದಿನ ನಿಲ್ಲಿಸಬೇಕು. ಆರು ವರ್ಷ ಬಿತ್ತಿ ಬೆಳೆದು ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕು. ಆಗ ತಾನಾಗಿ ಬೆಳೆದದ್ದು ಬಡವರಿಗೆ, ಉಳಿದದ್ದು ಕಾಡುಪ್ರಾಣಿಗಳಿಗೆ ಎನ್ನುತ್ತದೆ ವಿಮೋಚನಕಾಂಡ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ 1880ರಲ್ಲಿ ಪ್ರಾಧ್ಯಾಪಕರಿಗೆ ಇಂಥ ರಜೆ ಶುರುಮಾಡಿದಾಗ ಹೆಸರು ಬಂದದ್ದು ಇಲ್ಲಿಂದಲೇ. ಧರ್ಮೋಪದೇಶಕಾಂಡ ಈ ಬಿಡುವಿಗೆ ಇನ್ನೊಂದು ಕಾರಣ ಕೊಡುತ್ತದೆ: ನೀವು ಐಗುಪ್ತದಲ್ಲಿ ಗುಲಾಮರಾಗಿದ್ದಿರಿ, ಅದನ್ನು ನೆನಪಿಡಿ ಎಂದು. ತನಗೆ ಬೇಕೆಂದಾಗ ಕೆಲಸ ನಿಲ್ಲಿಸಲು ಗುಲಾಮನಿಗೆ ಹಕ್ಕೆಲ್ಲಿದೆ? ಹಾಗೆ ನೋಡಿದರೆ ಬಿಡುವೆಂಬುದು ಚೆನ್ನಾಗಿ ದುಡಿದವರಿಗೆ ಕೊಡುವ ಬಹುಮಾನವಲ್ಲ, ಬಿಡುಗಡೆಯಾದವರ ಗುರುತು.

ಎಲೀಯನ ಕಥೆಯನ್ನೂ ಮತ್ತೆ ಓದಿದೆ. ಅಷ್ಟು ದೊಡ್ಡ ಪ್ರವಾದಿ ಸೋತು ಸುಣ್ಣವಾಗಿ, ಜಾಲಿಗಿಡದ ಕೆಳಗೆ ಬಿದ್ದುಕೊಂಡು ಸಾವನ್ನು ಬೇಡುತ್ತಾನೆ. ದೇವದೂತ ಬಂದು ಅವನಿಗೆ ಬುದ್ಧಿ ಹೇಳುವುದಿಲ್ಲ. ಬಿಸಿ ರೊಟ್ಟಿ, ನೀರು ಇಟ್ಟು ತಿನ್ನು ಎನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ನಾವು ಕಮಿಟಿಯವರು ಅಲ್ಲಿದ್ದಿದ್ದರೆ ಏನೆನ್ನುತ್ತಿದ್ದೆವೋ!

ಕೆಲವು ದಿನಗಳ ಮೇಲೆ ಅಯ್ಯನವರೇ ಒಂದು ಸಂಗತಿ ಹೇಳಿದರು. ಅಮೆರಿಕದ ಯೂಜೀನ್ ಪೀಟರ್ಸನ್ ಎಂಬ ಸಭಾಪಾಲಕರು 1962ರಲ್ಲಿ ಮೇರಿಲ್ಯಾಂಡಿನ ಬೆಲ್ ಏರ್‌ನಲ್ಲಿ ಚರ್ಚು ಶುರುಮಾಡಿ 29 ವರ್ಷ ಅಲ್ಲೇ ಇದ್ದವರು. ಒಂದು ಸಂಜೆ ಪುಟ್ಟ ಮಗಳು ಕಥೆ ಓದಿ ಹೇಳು ಎಂದಳು. ಮೀಟಿಂಗಿದೆ ಎಂದರು ತಂದೆ. ಸಾಲಾಗಿ ಇದು ಎಷ್ಟನೆಯ ರಾತ್ರಿ ಎಂದು ಮಗು ಎಣಿಸಿ ಹೇಳಿತು. ಅವರು ನೇರ ಹಿರಿಯರ ಬಳಿ ಹೋಗಿ ಕೆಲಸ ಬಿಡುತ್ತೇನೆ ಎಂದರು. ಹಿರಿಯರಲ್ಲೊಬ್ಬರು, ಚರ್ಚು ನಡೆಸುವುದನ್ನು ನಮಗೆ ಬಿಡಬಾರದೇಕೆ ಎಂದರಂತೆ. ಮುಂದೆ ಅವರು ಒಂದು ವರ್ಷದ ಬಿಡುವು ಪಡೆದು ಹೆಂಡತಿಯೊಡನೆ ಮೊಂಟಾನಾದ ಬೆಟ್ಟಗಳ ನಡುವೆ ಇದ್ದು ಬಂದರು. 2018ರಲ್ಲಿ ತೀರಿಕೊಂಡರು.

ಹೆಂಡತಿಯೊಡನೆ ಎಂಬ ಮಾತು ನನ್ನಲ್ಲಿ ಉಳಿಯಿತು. ಮರುದಿನ ಪಾಸ್ಟರಮ್ಮನನ್ನು ನೋಡಲು ಹೋದೆ. ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. “ಅಯ್ಯನವರಿಗೆ ರಜೆ ಸಿಕ್ಕರೆ ನಿಮಗೂ ಆರಾಮ ಅಲ್ವಾ ಅಮ್ಮಾ?” ಎಂದೆ.

“ಅವರು ಹೋಗ್ತಾರಮ್ಮ. ಬಂದವರಿಗೆ ಕಾಫಿ ಮಾಡೋದು, ಅಯ್ಯನವರಿಲ್ಲ ಅಂತ ಹೇಳಿ ಅವರ ಅಳು ಕೇಳೋದು, ಅದಕ್ಕೆ ನಾನಿರಬೇಕಲ್ಲ,” ಎಂದು ನಕ್ಕರು. ದೂರಿನ ದನಿಯೇ ಇರಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು.

ಮನೆಗೆ ಬಂದು ಸಬ್ಬತ್ತಿನ ಆಜ್ಞೆಯನ್ನು ಮತ್ತೆ ಓದಿದೆ. ಆ ದಿನ ಯಾರು ಯಾರು ದುಡಿಯಕೂಡದೆಂಬ ಪಟ್ಟಿಯೇ ಅಲ್ಲಿದೆ: ನೀನು, ನಿನ್ನ ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ನಿನ್ನ ಊರಲ್ಲಿರುವ ಪರದೇಶಿ. ಎತ್ತಿಗೂ ಕತ್ತೆಗೂ ಬಿಡುವಿದೆ. ಹೆಂಡತಿಯ ಹೆಸರಿಲ್ಲ! ನೀನು ಎಂಬುದರಲ್ಲೇ ಹೆಂಡತಿಯೂ ಸೇರಿದ್ದಾಳೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಆದರೆ ಆಳಿಗೂ ಎತ್ತಿಗೂ ಬೇರೆಯಾಗಿ ಹೇಳಬೇಕೆನಿಸಿದ್ದು ಹೆಂಡತಿಗೆ ಏಕೆ ಬೇಡವಾಯಿತು? ಹೇಳದೆ ಸೇರಿಸಿದವರನ್ನು ಹೇಳದೆಯೇ ಮರೆಯುವುದೂ ಸುಲಭ.

ಆಗ ನನ್ನ ತಪ್ಪು ತಿಳಿಯಿತು. ಅವರಿಗೇಕೆ ಎಂದು ಕೇಳಿದ್ದೆ. ನಮಗೇಕೆ ಇಲ್ಲ ಎಂದು ಕೇಳಬೇಕಾಗಿತ್ತು. ಅಷ್ಟೇ ಅಲ್ಲ, ಒಬ್ಬರು ಇಳಿಸಿದ ಹೊರೆ ಯಾರ ತಲೆಗೆ ಹೋಗುತ್ತದೆ ಎಂದೂ ನೋಡಬೇಕಾಗಿತ್ತು. ಹೆಂಡತಿಯ ತಲೆಗೆ ಹೋದರೆ ಮನೆಯ ದಣಿವು ಇಳಿದಂತಾಗಲಿಲ್ಲ. ಹತ್ತು ಜನರಿಗೆ ಹಂಚಿಹೋದರೆ ಇಳಿದೀತು.

ಮುಂದಿನ ಸಭೆಯಲ್ಲಿ ನಾನೇ ಎದ್ದು ಹೇಳಿದೆ: ರಜೆ ಇಬ್ಬರಿಗೂ ಇರಲಿ, ಮನೆಗೆ ಬೀಗ ಬೀಳಲಿ. ಭಾನುವಾರದ ಆರಾಧನೆಗೆ ನಿವೃತ್ತ ಸಭಾಪಾಲಕರೊಬ್ಬರು ಒಪ್ಪಿದರು. ಕಾಯಿಲೆಯವರನ್ನು ನೋಡಿ ಬರುವುದು ನಮ್ಮ ಹೆಂಗಸರ ಕೂಟಕ್ಕೂ ಯುವಕರಿಗೂ ಬಂತು. ಕಿರಿಯ ಮಗನ ಪರೀಕ್ಷೆ ಇದ್ದುದರಿಂದ ಪಾಸ್ಟರಮ್ಮ ಆರು ವಾರ ಮಾತ್ರ ಹೋದರು. ಅಷ್ಟಾದರೂ ಆಯಿತು.

ತಿರುಗಿ ಬಂದ ಅಯ್ಯನವರು ಹೇಳಿದ್ದು ಇದು: “ಮೊದಲ ಹದಿನೈದು ದಿನ ಯಾರೂ ಫೋನು ಮಾಡಲಿಲ್ಲವೆಂದು ಬೇಸರವಾಗಿತ್ತು. ನಾನಿಲ್ಲದೆಯೂ ನಡೆಯುತ್ತದೆ ಅಂತ ಒಪ್ಪಿಕೊಳ್ಳುವುದೇ ಕಷ್ಟವಾಯಿತು.”

ಈ ಮಾತು ನನ್ನದೂ ಹೌದು. ಈಗ ಭಾನುವಾರ ಮಧ್ಯಾಹ್ನದಿಂದ ರಾತ್ರಿಯವರೆಗೆ ನಾನು ಅಡಿಗೆಮನೆಗೆ ಕಾಲಿಡುವುದಿಲ್ಲ. ಕೇಳಿ ಪಡೆದ ಬಿಡುವು ಇದು. ಮೊದಲ ವಾರ ನಮ್ಮವರೂ ಮಗನೂ ಉಪ್ಪಿಟ್ಟು ಮಾಡಲು ಹೋಗಿ ಪಾತ್ರೆಗಳನ್ನೆಲ್ಲ ಬೀಳಿಸುತ್ತಿದ್ದರು. ಎದ್ದು ಹೋಗಿ ಸೌಟು ಕಿತ್ತುಕೊಳ್ಳೋಣವೆನ್ನಿಸಿ ಕೈ ತುರಿಸುತ್ತಿತ್ತು. ನಮ್ಮ ಬಿಡುವನ್ನು ಬೇರೆಯವರು ಕಿತ್ತುಕೊಂಡದ್ದು ಎಷ್ಟೋ ನಿಜ. ಆದರೆ ನಾವೇ ಕೈಬಿಡದೆ ಹಿಡಿದದ್ದೂ ಸ್ವಲ್ಪ ಇದೆ. ನಾನಿಲ್ಲದಿದ್ದರೆ ಈ ಮನೆ ನಡೆಯದು ಎಂಬ ಹೆಮ್ಮೆ ಇದೆಯಲ್ಲ, ಅದನ್ನು ಬಿಡುವುದು ಸುಲಭವಲ್ಲ.

ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯಾಗಿತ್ತು. ಏನೂ ಹೇಳದೆ ತಿಂದು ಮತ್ತೆ ಮಲಗಿದೆ, ಎಲೀಯನ ಹಾಗೆ.